ಟ್ರಾಲಿಯ ಸಂಸಾರಕ್ಕೆ ಸೂರ್ಯನ ದೀಪ: ಸಂಚಾರಿ ಬದುಕಿನ ಸೌರ ವಿದ್ಯುತ್ ನಡೆದುಬಂದ ದಾರಿ

ದೀಪಾವಳಿ ಹಿಂದೆಮುಂದೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ತಾಲೂಕುಗಳ ಹೊಲದಂಚಿನಲ್ಲಿ ಹೊಸ ಓಣಿಗಳು ಏಳುತ್ತವೆ. ಮಹಾರಾಷ್ಟ್ರದ ಬೀಡ್ ಸೀಮೆಯಿಂದ, ವಿಜಯಪುರ ಕಡೆಯ ತಾಂಡಾಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಸಂಸಾರವನ್ನೇ ಟ್ರಾಲಿಗೆ ಹೇರಿಕೊಂಡು ಬಂದಿಳಿಯುತ್ತವೆ. ಮುಧೋಳ, ಸಮೀರವಾಡಿ, ಹಿರೇಪಡಸಲಗಿಯ ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಅವರ ಮನೆ ಎಂದರೆ ತಾಡಪತ್ರಿ ಹೊದಿಸಿದ ಜೋಪಡಿ. ಒಂದೂರಿನ ಕಟಾವು ಮುಗಿದರೆ ಜೋಪಡಿ ಕಿತ್ತು ಮತ್ತೆ ಟ್ರಾಲಿಗೆ, ಅಲ್ಲಿಂದ ಮುಂದಿನೂರಿಗೆ.

ಚಕ್ರದ ಮೇಲಿನ ಮನೆಗೆ ಸೌರ ವಿದ್ಯುತ್ ಎಂದೊಡನೆ ಪರದೇಶದ ಐಷಾರಾಮಿ ಕ್ಯಾರವಾನ್ ಕಣ್ಣಿಗೆ ಬರುತ್ತದೆ. ನಮ್ಮ ಸೀಮೆಯಲ್ಲಿ ಚಕ್ರದ ಮೇಲೆ ಬಾಳುವವರು ಈ ಕಬ್ಬಿನ ಗ್ಯಾಂಗಿನವರು, ಮೇವು ಹುಡುಕಿ ಊರೂರು ಸುತ್ತುವ ಕುರಿಗಾಹಿಗಳು, ಹೊಳೆ ಉಕ್ಕಿದಾಗ ಮನೆ ಬಿಟ್ಟು ಎತ್ತರದ ಜಾಗ ಸೇರುವ ನದಿ ದಂಡೆಯ ಕುಟುಂಬಗಳು. ಇವರಿಗೆ ಒಪ್ಪುವ ಸೌರ ತಂತ್ರಜ್ಞಾನ ಇಂದು ಕೈಗೆಟಕುವ ಸ್ಥಿತಿಗೆ ಬಂದಿದೆ. ಅದು ಅವರನ್ನು ತಲುಪದೆ ಇರುವುದಕ್ಕೆ ಕಾರಣ ನಮ್ಮ ಯೋಜನೆಗಳೆಲ್ಲ ಕದಲದ ಮನೆಯನ್ನೇ ಆಧಾರವಾಗಿ ಹಿಡಿದು ಬೆಳೆದದ್ದು. ಈ ಕ್ಷೇತ್ರ ನಡೆದುಬಂದ ದಾರಿಯನ್ನು ನೋಡಿದರೆ ಅದು ಸ್ಪಷ್ಟವಾಗುತ್ತದೆ.

ಆಕಾಶದಿಂದ ನೆಲಕ್ಕೆ

ಸೌರಕೋಶಕ್ಕೆ ಮೊದಲು ಹೆಸರು ತಂದದ್ದು ಮನೆಯಲ್ಲ, ಚಲಿಸುವ ವಸ್ತು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಸಿಲಿಕಾನ್ ಸೌರಕೋಶವನ್ನು ಲೋಕದ ಮುಂದಿಟ್ಟಾಗ ಅದು ಬಿದ್ದ ಬಿಸಿಲಿನ ಶೇ. 6ರಷ್ಟನ್ನು ಮಾತ್ರ ವಿದ್ಯುತ್ತಾಗಿ ಬದಲಿಸುತ್ತಿತ್ತು. ನಾಲ್ಕು ವರ್ಷಗಳ ಬಳಿಕ, 1958ರಲ್ಲಿ, ವ್ಯಾನ್‌ಗಾರ್ಡ್–1 ಉಪಗ್ರಹ ಅಂಥ ಕೋಶಗಳನ್ನು ಹೊತ್ತು ಭೂಮಿಯನ್ನು ಸುತ್ತತೊಡಗಿತು. ನೆಲದ ಮೇಲೆ ಬಳಸಲಾಗದಷ್ಟು ದುಬಾರಿಯಾಗಿದ್ದ ಕೋಶವನ್ನು ಅಗ್ಗಗೊಳಿಸಿದವರಲ್ಲಿ ಎಲಿಯಟ್ ಬರ್ಮನ್ ಮುಖ್ಯರು. 1970ರ ದಶಕದ ಆರಂಭದಲ್ಲಿ ಅವರು ಒಂದು ವ್ಯಾಟಿನ ಬೆಲೆಯನ್ನು 100 ಡಾಲರ್‌ನಿಂದ 20 ಡಾಲರ್ ಸುಮಾರಿಗೆ ಇಳಿಸಿದರು. ಕಂಬ ತಲುಪದ ಸಮುದ್ರದ ತೈಲಬಾವಿ, ದೂರದ ರೈಲ್ವೆ ಸಿಗ್ನಲ್‌ಗಳು ಅದರ ಮೊದಲ ಗಿರಾಕಿಗಳಾದವು. ಆ ದಶಕದ ಕೊನೆಗೆ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಪಟ್ಟಣ ಬಿಟ್ಟು ಕಾಡಂಚು ಸೇರಿದವರು, ವ್ಯಾನಿನಲ್ಲೇ ವಾಸಿಸುವವರು ಪ್ಯಾನೆಲ್ ಕೊಂಡು ವಾಹನದ ಬ್ಯಾಟರಿಗೆ ಜೋಡಿಸಿಕೊಳ್ಳತೊಡಗಿದರು. 12 ವೋಲ್ಟ್ ಪ್ಯಾನೆಲ್, 12 ವೋಲ್ಟ್ ಬ್ಯಾಟರಿ, 12 ವೋಲ್ಟ್ ದೀಪ ಎಂಬ ಇಂದಿಗೂ ನಡೆದಿರುವ ಹೊಂದಾಣಿಕೆ ವಾಹನದ ಬ್ಯಾಟರಿಯಿಂದಲೇ ಬಂದದ್ದು.

ಭಾರತದಲ್ಲಿ ಸೌರಕೋಶ ತಯಾರಿಸುವ ಕೆಲಸವನ್ನು ಹೊತ್ತದ್ದು 1974ರಲ್ಲಿ ಸ್ಥಾಪನೆಯಾದ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್. ಸಾಹಿಬಾಬಾದಿನ ಆ ಸರ್ಕಾರಿ ಸಂಸ್ಥೆ 1977ರಲ್ಲಿ ದೇಶದ ಮೊದಲ ಸೌರಕೋಶವನ್ನೂ ಮರುವರ್ಷ ಮೊದಲ ಪ್ಯಾನೆಲನ್ನೂ ತಯಾರಿಸಿತು. 1989ರಲ್ಲಿ ಬೆಂಗಳೂರಿನಲ್ಲಿ ಟಾಟಾ ಬಿಪಿ ಸೋಲಾರ್ ಹುಟ್ಟಿದ ಮೇಲೆ ಕರ್ನಾಟಕ ಈ ಉದ್ಯಮದ ದೊಡ್ಡ ನೆಲೆಯಾಯಿತು.

ಕಂದೀಲಿನ ಜಾಗಕ್ಕೆ ಬಂದ ದೀಪ

ನಮ್ಮ ಜೋಪಡಿಗಳಲ್ಲಿ ಬಹುಕಾಲ ಉರಿದದ್ದು ಚಿಮಣಿ, ಅನುಕೂಲವಿದ್ದರೆ ಕಂದೀಲು. ಬತ್ತಿಯ ಚಿಮಣಿ ಕೊಡುವ ಬೆಳಕು ಹತ್ತಿಪ್ಪತ್ತು ಲ್ಯೂಮೆನ್ ಅಷ್ಟೇ. ರವದಿ ಎನ್ನುವ ಕಬ್ಬಿನ ಒಣ ಎಲೆ, ತಾಡಪತ್ರಿಯ ನಡುವೆ ಅದು ಬೆಂಕಿಯ ಭಯವನ್ನೂ ತರುತ್ತದೆ. 1990ರ ದಶಕದಲ್ಲಿ ಕೇಂದ್ರ ಸರ್ಕಾರದ ಅಸಾಂಪ್ರದಾಯಿಕ ಇಂಧನ ಸಚಿವಾಲಯ ಹಂಚಿದ ಸೌರ ಕಂದೀಲು ಈ ಕತ್ತಲಿಗೆ ಸಿಕ್ಕ ಮೊದಲ ಉತ್ತರ. ಅದರ ಪ್ರಮಾಣಿತ ರೂಪದಲ್ಲಿ 10 ವ್ಯಾಟಿನ ಪ್ಯಾನೆಲ್, 7 ವ್ಯಾಟಿನ ಸಿಎಫ್‌ಎಲ್, 12 ವೋಲ್ಟ್ 7 ಆಂಪಿಯರ್-ಅವರ್ ಸೀಸದ ಬ್ಯಾಟರಿ ಇರುತ್ತಿದ್ದವು. ಬೆಳಕು ಮೂರ್ನಾಲ್ಕು ತಾಸು. ಕೈಯಲ್ಲಿ ಹಿಡಿದು ನಡೆಯಬಹುದಾದ ಈ ದೀಪ ಸಂಚಾರಿಗಳಿಗೆ ಹೇಳಿಮಾಡಿಸಿದಂತಿತ್ತು. ಆದರೆ ಗಾಜಿನ ಸಿಎಫ್‌ಎಲ್ ಟ್ರಾಲಿಯ ಕುಲುಕಾಟ ತಾಳುತ್ತಿರಲಿಲ್ಲ, ಬಿಟ್ಟೂಬಿಡದೆ ಪೂರ್ತಿ ಬರಿದಾಗುತ್ತಿದ್ದ ಸೀಸದ ಬ್ಯಾಟರಿಯ ಆಯುಷ್ಯವೂ ಬೇಗ ತೀರುತ್ತಿತ್ತು.

ಆಟ ಬದಲಿಸಿದವು ಎರಡು ಸಂಶೋಧನೆಗಳು. ಜಪಾನಿನ ಶುಜಿ ನಕಾಮುರಾ 1993ರ ಹೊತ್ತಿಗೆ ಪ್ರಖರವಾದ ನೀಲಿ ಎಲ್‌ಇಡಿ ಸಾಧಿಸಿದ್ದರಿಂದ ಬಿಳಿ ಎಲ್‌ಇಡಿ ಸಾಧ್ಯವಾಯಿತು. ಈ ನೀಲಿ ಬೆಳಕಿಗಾಗಿ ಅವರೂ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಅವರೂ 2014ರ ಭೌತವಿಜ್ಞಾನ ನೊಬೆಲ್ ಹಂಚಿಕೊಂಡರು. ಜಾನ್ ಗುಡ್‌ಇನಫ್ ಬಳಗ 1990ರ ದಶಕದ ಕೊನೆಯಲ್ಲಿ ರೂಪಿಸಿದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡನೆಯದು. ಒಂದು ದೀಪಕ್ಕೆ ಬೇಕಾಗುವ ವಿದ್ಯುತ್ತನ್ನು, ಅದನ್ನು ಕೂಡಿಡುವ ಡಬ್ಬಿಯ ತೂಕವನ್ನು ಇವು ಹಲವು ಪಟ್ಟು ತಗ್ಗಿಸಿದವು. ಪ್ಯಾನೆಲಿನ ಬೆಲೆಯೂ ಜೊತೆಯಲ್ಲೇ ಕುಸಿಯಿತು. 1977ರಲ್ಲಿ ಒಂದು ವ್ಯಾಟಿಗೆ ಸುಮಾರು 76 ಡಾಲರ್ ಇದ್ದ ಸೌರಕೋಶ 2014ರ ಹೊತ್ತಿಗೆ ಅರ್ಧ ಡಾಲರ್‌ಗೂ ಕೆಳಗಿಳಿದಿತ್ತು.

ಸಾಲ ಕೇಳಿದರೆ ವಿಳಾಸ ಕೇಳುತ್ತಾರೆ

ಬಡವರಿಗೆ ಸೌರದೀಪ ದಾನವಾಗಿ ಬರಬೇಕಿಲ್ಲ, ಕಂತಿನಲ್ಲಿ ಕೊಳ್ಳುವ ಶಕ್ತಿ ಅವರಿಗಿದೆ ಎಂದು ತೋರಿಸಿದ್ದು ಕರ್ನಾಟಕವೇ. 1995ರಲ್ಲಿ ಬೆಂಗಳೂರಿನಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಆರಂಭಿಸಿದ ಸೆಲ್ಕೊ, ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿ ದೀಪಕ್ಕೂ ಸಾಲ ಕೊಡಿಸಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆಗೂಡಿ ನಡೆಸಿದ ಸೌರ ಸಾಲ ಯೋಜನೆ ಮುಖ್ಯವಾಗಿ ಕರ್ನಾಟಕ, ಕೇರಳಗಳಲ್ಲಿ 18 ಸಾವಿರಕ್ಕೂ ಹೆಚ್ಚು ಮನೆಗಳನ್ನು ಬೆಳಗಿಸಿತು. 2010ರ ರಾಷ್ಟ್ರೀಯ ಸೌರ ಮಿಷನ್ 2 ಕೋಟಿ ಸೌರದೀಪಗಳ ಗುರಿ ಇಟ್ಟುಕೊಂಡಿತು. 2017ರ ಸೌಭಾಗ್ಯ ಯೋಜನೆ ಮನೆಮನೆಗೆ ವಿದ್ಯುತ್ ಸಂಪರ್ಕ ಕೊಡಲು ಹೊರಟಿತು. ಅದೇ ವರ್ಷ ಕೇಂದ್ರದ ಜವಳಿ ಸಚಿವಾಲಯ ಎಂಟರವರೆಗೆ ಮಗ್ಗಗಳಿರುವ ಸಣ್ಣ ವಿದ್ಯುತ್ ಮಗ್ಗ ಘಟಕಗಳಿಗೆ ಸೌರ ಸಹಾಯಧನ ತಂದಾಗ ರಬಕವಿ–ಬನಹಟ್ಟಿಯಂಥ ನೇಕಾರರ ಊರುಗಳ ಮಾಳಿಗೆಗಳಿಗೂ ಪ್ಯಾನೆಲ್ ಏರುವ ದಾರಿ ತೆರೆಯಿತು.

ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಎಲ್ಲಕ್ಕೂ ಒಂದು ಬಾಗಿಲು, ಒಂದು ಮಾಳಿಗೆ, ಒಂದು ವಿಳಾಸ ಬೇಕು. ನವೆಂಬರಿನಲ್ಲಿ ಬೀಳಗಿಯ ಹೊಲದಲ್ಲಿದ್ದು ಫೆಬ್ರುವರಿಯಲ್ಲಿ ಜಮಖಂಡಿಯ ಹೊಳೆಸಾಲಿಗೆ ಹೋಗುವ ಕುಟುಂಬಕ್ಕೆ ಯಾವ ಶಾಖೆ ಸಾಲ ಕೊಡಬೇಕು, ಕೆಟ್ಟ ದೀಪವನ್ನು ಯಾರು ದುರಸ್ತಿ ಮಾಡಬೇಕು? ಊರಲ್ಲಿರುವ ಅವರ ಮನೆಗೆ ಸಂಪರ್ಕ ಬಂದಿರಬಹುದು. ಆದರೆ ವರ್ಷದ ಅರ್ಧಭಾಗ ಅವರು ಆ ಮನೆಯಲ್ಲಿ ಇರುವುದಿಲ್ಲ. ಈ ಗಂಟನ್ನು ಸಡಿಲಿಸಬಲ್ಲ ಮಾದರಿಯೊಂದು 2008ರಲ್ಲಿ ಇಂಧನ ಸಂಶೋಧನಾ ಸಂಸ್ಥೆ ಟೆರಿ ಆರಂಭಿಸಿದ ಕಾರ್ಯಕ್ರಮದಲ್ಲಿತ್ತು. ಊರಿಗೊಂದು ಚಾರ್ಜಿಂಗ್ ಕೇಂದ್ರ, ಅಲ್ಲಿ ಹಗಲಿಡೀ ಚಾರ್ಜ್ ಆದ ಕಂದೀಲುಗಳು ಸಂಜೆ ಬಾಡಿಗೆಗೆ ಮನೆಮನೆಗೆ ಹೋಗುವ ಏರ್ಪಾಟು. ಹೋದಲ್ಲೆಲ್ಲ ಒಟ್ಟಾಗಿ ಠಿಕಾಣಿ ಹೂಡುವ ಗ್ಯಾಂಗಿಗೆ ಈ ಪದ್ಧತಿ ಬಹಳ ಚೆನ್ನಾಗಿ ಹೊಂದುತ್ತದೆ.

ಒಂದು ಜೋಪಡಿಯ ಲೆಕ್ಕ

ಯೋಜನೆ ಶುರುವಾಗಬೇಕಾದದ್ದು ಪ್ಯಾನೆಲಿನಿಂದಲ್ಲ, ಆ ಮನೆಯ ರಾತ್ರಿಯಿಂದ. ಹೆಂಗಸರು ಇನ್ನೂ ಬೆಳಕು ಹರಿಯುವ ಮುನ್ನವೇ ಎದ್ದು ರೊಟ್ಟಿ ಬಡಿಯುತ್ತಾರೆ. ಸಂಜೆ ಮತ್ತೆ ಒಲೆ, ಮಕ್ಕಳು, ಹಾವು–ಚೇಳಿನ ಭಯ. 5 ವ್ಯಾಟಿನ ಎರಡು ಎಲ್‌ಇಡಿ ಬಲ್ಬು 5 ತಾಸು ಉರಿದರೆ 50 ವ್ಯಾಟ್-ಅವರ್. ಎರಡು ಮೊಬೈಲಿಗೆ 30. ಮಾರ್ಚಿನ ಸೆಕೆಗೆ 15 ವ್ಯಾಟಿನ ಡಿಸಿ ಫ್ಯಾನ್ 6 ತಾಸು ತಿರುಗಿದರೆ 90. ಒಟ್ಟು 170 ವ್ಯಾಟ್-ಅವರ್. ಮೀಟರಿನ ಭಾಷೆಯಲ್ಲಿ ಹೇಳುವುದಾದರೆ ಒಂದು ಯೂನಿಟ್ಟಿನ ಆರನೇ ಒಂದು ಪಾಲು.

ದಿನವಿಡೀ ಬಿದ್ದ ಬಿಸಿಲನ್ನು ನಡುಹಗಲಿನ ಪೂರ್ಣ ಬಿಸಿಲಿಗೆ ಸಮ ಮಾಡಿ ಎಣಿಸಿದರೆ ಕಟಾವಿನ ಹಂಗಾಮಿನಲ್ಲಿ ನಮ್ಮ ಸೀಮೆಗೆ ಸುಮಾರು 5 ತಾಸು ಸಿಗುತ್ತದೆ. ಬಿಸಿ, ಧೂಳು, ವೈರು, ಬ್ಯಾಟರಿಗಳಲ್ಲಿ ಶೇ. 30ರಷ್ಟು ಸೋರಿಹೋಗುತ್ತದೆ ಎಂದು ಹಿಡಿದರೆ ಸುಮಾರು 50 ವ್ಯಾಟಿನ ಪ್ಯಾನೆಲ್ ಬೇಕು. 75 ವ್ಯಾಟಿನದು ಇದ್ದರೆ ನಿಶ್ಚಿಂತೆ. ಎರಡು ರಾತ್ರಿಗೆ ಸಾಕಾಗುವಷ್ಟು, ಅಂದರೆ 340 ವ್ಯಾಟ್-ಅವರ್ ಕೂಡಿಡುವುದಾದರೆ ಅರ್ಧದಷ್ಟೇ ಬಳಸಬೇಕಾದ ಸೀಸದ ಬ್ಯಾಟರಿ 12 ವೋಲ್ಟಿನ 60 ಆಂಪಿಯರ್-ಅವರ್ ಆಗುತ್ತದೆ. ತೂಕ 20 ಕಿಲೋ ಆಸುಪಾಸು. ಶೇ. 80ರವರೆಗೂ ಬಳಸಬಹುದಾದ ಐರನ್ ಫಾಸ್ಫೇಟ್ ಬ್ಯಾಟರಿ 36 ಆಂಪಿಯರ್-ಅವರ್ ಇದ್ದರೆ ಸಾಕು, ತೂಕವೂ 5 ಕಿಲೋ ಸುಮಾರು. ಪದೇ ಪದೇ ಕಿತ್ತು ಹೇರಬೇಕಾದ ಮನೆಗೆ ಈ 15 ಕಿಲೋ ಅಂತರ ದೊಡ್ಡದು. ಟ್ರ್ಯಾಕ್ಟರಿನ ಬ್ಯಾಟರಿಯನ್ನೇ ದೀಪಕ್ಕೆ ಹಚ್ಚುವ ರೂಢಿ ಇದೆ, ಆದರೆ ಅದು ಎಂಜಿನ್ ಎಬ್ಬಿಸಲೆಂದು ಮಾಡಿದ್ದು. ರಾತ್ರಿಯಿಡೀ ಬರಿದು ಮಾಡಿದರೆ ಬೇಗ ಸಾಯುತ್ತದೆ, ಬೆಳಿಗ್ಗೆ ಟ್ರ್ಯಾಕ್ಟರೂ ಎದ್ದೇಳುವುದಿಲ್ಲ.

ಅಡುಗೆಯನ್ನು ಈ ಲೆಕ್ಕಕ್ಕೆ ತರಬಾರದು. 1500 ವ್ಯಾಟಿನ ಇಂಡಕ್ಷನ್ ಒಲೆ ಅರ್ಧ ತಾಸು ಉರಿದರೆ 750 ವ್ಯಾಟ್-ಅವರ್, ಇಡೀ ಜೋಪಡಿಯ ನಾಲ್ಕು ದಿನದ ಬೆಳಕು, ಗಾಳಿಗಿಂತಲೂ ಹೆಚ್ಚು.

ಪ್ಯಾನೆಲ್ ಎಲ್ಲಿ ಕೂರಬೇಕು?

ಪರದೇಶದ ವ್ಯಾನಿನಲ್ಲಿ ಪ್ಯಾನೆಲನ್ನು ಛಾವಣಿಗೆ ಬಿಗಿಯುತ್ತಾರೆ. ನಮ್ಮ ಟ್ರಾಲಿಯಲ್ಲಿ ಅದು ಆಗದ ಮಾತು. ಬರುವಾಗ, ಹೋಗುವಾಗ ಮಾತ್ರ ಅದು ಮನೆ. ಹಂಗಾಮಿನುದ್ದಕ್ಕೂ ಅದರ ಮೇಲೆ ಕಬ್ಬಿನ ಹೇರು. ಆದ್ದರಿಂದ ಪ್ಯಾನೆಲ್ ಬಿಡಿಯಾಗಿರಬೇಕು. ಕೊಂಡಿಯಿಂದ ಕಳಚಿ ಜೋಪಡಿಯ ಬಳಿ ಊರಲು ಕಾಲಿರುವ ಚೌಕಟ್ಟು ಬೇಕು. ಜಮಖಂಡಿ ಸುಮಾರು 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ದಕ್ಷಿಣಕ್ಕೆ ಮುಖಮಾಡಿ ಅಷ್ಟೇ ಓರೆಯಾಗಿ ನಿಲ್ಲಿಸಿದರೆ ವರ್ಷವಿಡೀ ಸರಿ. ಡಿಸೆಂಬರ್–ಜನವರಿಯಲ್ಲಿ ಇನ್ನೂ ತುಸು ನೆಟ್ಟಗಾದರೆ ಲಾಭ.

ಎತ್ತರದ ಕಬ್ಬಿನ ನೆರಳು ಹಗುರಾಗಿ ಕಾಣುವ ಶತ್ರು. ಕೋಶಗಳು ಸಾಲಾಗಿ ಜೋಡಿಸಿರುವುದರಿಂದ ಒಂದೆರಡರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಹರಿವು ಕುಗ್ಗುತ್ತದೆ. ಬಿಸಿಯೂ ಹಾಗೆಯೇ: ಏಪ್ರಿಲ್‌ನ ಬಿಸಿಲಿಗೆ ಪ್ಯಾನೆಲಿನ ಮೈ 60 ಡಿಗ್ರಿ ದಾಟಿದರೆ, ಪ್ರತಿ ಡಿಗ್ರಿಗೆ ಶೇ. 0.4ರಂತೆ, ಉತ್ಪಾದನೆಯ ಏಳನೇ ಒಂದು ಪಾಲು ಇಲ್ಲವಾಗುತ್ತದೆ. ಹಿಂಬದಿಗೆ ಗಾಳಿ ಆಡಬೇಕು. ಕಾರ್ಖಾನೆಯ ಬೂದಿ, ರವದಿ ಸುಟ್ಟ ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿರಬೇಕು. ವೈರಿನ ವಿಷಯದಲ್ಲಿ ಜಿಪುಣತನ ಸಲ್ಲದು. 5 ಆಂಪಿಯರ್ ಹರಿಯುವಾಗ 10 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ತಾಮ್ರದ ಜೋಡಿ ವೈರು ಸುಮಾರು 1.2 ವೋಲ್ಟ್ ನುಂಗುತ್ತದೆ, 4 ಚದರ ಮಿ.ಮೀ. ವೈರು ಅರ್ಧ ವೋಲ್ಟಿಗಿಂತ ಕಡಿಮೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು, ಏಕೆಂದರೆ ಸುತ್ತಲೂ ಇರುವುದು ಒಣ ರವದಿ.

ಕುರಿಗಾಹಿಯಿಂದ ನೆರೆಯವರೆಗೆ

ಎಲ್ಲ ಸಂಚಾರಕ್ಕೂ ಒಂದೇ ಅಳತೆ ಹೊಂದದು. ಬಯಲಲ್ಲಿ ಮಲಗುವ ಕುರಿಗಾಹಿಗೆ ತೋಳದಿಂದ ಮಂದೆ ಕಾಯಲು ಬ್ಯಾಟರಿ ದೀಪ, ಕೊಳ್ಳುವವರೊಡನೆ ಮಾತಾಡಲು ಮೊಬೈಲ್ ಇಷ್ಟಕ್ಕೆ 10 ವ್ಯಾಟಿನ ಮಡಚುವ ಪ್ಯಾನೆಲ್ ಸಾಕು. ಇನ್ನೊಂದು ತುದಿಯಲ್ಲಿ ಐಐಟಿ ಬಾಂಬೆಯಲ್ಲಿ ಪ್ರಾಧ್ಯಾಪಕರಾಗಿದ್ದ ಚೇತನ್ ಸಿಂಗ್ ಸೋಲಂಕಿ ಇದ್ದಾರೆ. 2020ರ ನವೆಂಬರಿನಲ್ಲಿ ಅವರು 2030ರವರೆಗೆ ಮನೆಗೆ ಮರಳುವುದಿಲ್ಲವೆಂದು ನಿಶ್ಚಯಿಸಿ ಎನರ್ಜಿ ಸ್ವರಾಜ್ ಯಾತ್ರೆ ಹೊರಟರು. 3.2 ಕಿಲೋವ್ಯಾಟ್ ಪ್ಯಾನೆಲ್, 6 ಯೂನಿಟ್ ಕೂಡಿಡುವ ಬ್ಯಾಟರಿ ಇರುವ ಬಸ್ಸಿನಲ್ಲೇ ಅವರ ಊಟ, ನಿದ್ದೆ, ಪಾಠ ಎಲ್ಲ ನಡೆಯತೊಡಗಿತು. ಚಕ್ರದ ಮೇಲಿನ ಇಡೀ ಬದುಕನ್ನು ನಮ್ಮ ಬಿಸಿಲು ಹೊರಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಹರಿದಾಗ ಜಮಖಂಡಿ, ಮುಧೋಳ, ರಬಕವಿ–ಬನಹಟ್ಟಿ ತಾಲೂಕುಗಳ ಹೊಳೆಸಾಲಿನ ಜನ ಮನೆ ಬಿಟ್ಟು ಕಾಳಜಿ ಕೇಂದ್ರ, ಶೆಡ್ಡುಗಳನ್ನು ಸೇರಬೇಕಾಯಿತು. ಮೋಡ ಕವಿದ ದಿನಗಳಲ್ಲಿ ಸೌರದೀಪ ನಡೆದೀತೇ? ಮಾರ್ಚಿಗೆಂದು ಅಳೆದ 75 ವ್ಯಾಟಿನ ಪ್ಯಾನೆಲಿಗೆ ದಿನಕ್ಕೆ 2 ತಾಸಿನಷ್ಟೇ ಬಿಸಿಲು ದಕ್ಕಿದರೂ ಸೋರಿಕೆ ಕಳೆದು ಸುಮಾರು 105 ವ್ಯಾಟ್-ಅವರ್ ಉಳಿಯುತ್ತದೆ. ಫ್ಯಾನ್ ಬಿಟ್ಟರೆ ದೀಪ, ಮೊಬೈಲಿಗೆ ಬೇಕಾದದ್ದು 80. ಅಂದರೆ ಬೇಸಿಗೆಯ ಜೋಪಡಿಗೆ ಮಾಡಿದ ಸೆಟ್ಟು ನೆರೆಯ ಶೆಡ್ಡಿಗೂ ಸಾಕು.

ಹೊಣೆ ಯಾರದು?

ತಂತ್ರಜ್ಞಾನದ ಪ್ರಶ್ನೆ ತೀರಿದೆ, ಒಡೆತನದ ಪ್ರಶ್ನೆ ಉಳಿದಿದೆ. ಹೊರರಾಜ್ಯದಿಂದ ಕರೆತಂದ ಕಾರ್ಮಿಕರಿಗೆ ತಕ್ಕ ವಸತಿ ಒದಗಿಸಬೇಕೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಬೆಳಕಿಲ್ಲದ ವಸತಿಯನ್ನು ತಕ್ಕದ್ದೆನ್ನಲಾಗದು. ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ ತಯಾರಿಸಿ ಗ್ರಿಡ್ಡಿಗೆ ಮಾರುತ್ತಿವೆ. ಆ ಕಬ್ಬು ಕಡಿದವರ ಜೋಪಡಿ ಕತ್ತಲಲ್ಲಿರುವುದು ನಮ್ಮೆಲ್ಲರಿಗೂ ನೋವಿನ ಸಂಗತಿಯಾಗಬೇಕು.

ದಾರಿ ಕಷ್ಟದ್ದಲ್ಲ. ಗ್ಯಾಂಗು ಬಂದಿಳಿದ ದಿನ ಕಾರ್ಖಾನೆ, ಕೂಲಿಯ ಮುಂಗಡದ ಲೆಕ್ಕಕ್ಕೆ ಸೇರಿಸದೆ, ಜೋಪಡಿಗೊಂದು ಸೆಟ್ಟು ಕೊಡಲಿ, ಹಂಗಾಮು ಮುಗಿದಾಗ ಹಿಂಪಡೆಯಲಿ. ದುರಸ್ತಿಗೆ ಕಾರ್ಖಾನೆಯ ಎಲೆಕ್ಟ್ರಿಷಿಯನ್ನರಿದ್ದಾರೆ. ಆಯುಷ್ಯ ತೀರಿದ ಬ್ಯಾಟರಿಯನ್ನು ಹಿಂಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹಾಕಿವೆ. ಕಬ್ಬಿನ ಹಂಗಾಮು ಬೇಸಿಗೆಗೆ ಮುಗಿಯುತ್ತದೆ, ನೆರೆಯ ಹಂಗಾಮು ಮಳೆಗಾಲದಲ್ಲಿ ಬರುತ್ತದೆ. ಗೋದಾಮಿನಲ್ಲಿ ಸುಮ್ಮನೆ ಕೂರುವ ಆ ಸೆಟ್ಟುಗಳನ್ನು ಜುಲೈಗೆ ಮುನ್ನ ತಾಲೂಕು ಆಡಳಿತ ಎಣಿಸಿ ಇಟ್ಟುಕೊಂಡರೆ ಹೊಳೆಸಾಲಿನ ಕುಟುಂಬಗಳಿಗೂ ಅವೇ ಒದಗುತ್ತವೆ. ಒಂದೇ ಖರ್ಚಿನಲ್ಲಿ ಕಬ್ಬು ಕಡಿಯುವವರಿಗೂ ಕಬ್ಬು ಬೆಳೆಯುವವರಿಗೂ ಬೆಳಕು ಸಿಗುವ ಈ ಏರ್ಪಾಟನ್ನು ನಾಲ್ಕು ತಾಲೂಕುಗಳು ಮುಂದಿನ ಹಂಗಾಮಿಗೇ ಕೈಗೆತ್ತಿಕೊಳ್ಳಬಹುದು.