ಸೂರಿನ ಅಂಚಿಗೆ ಬಂದ ಸೀರಿಯಲ್ ಸೆಟ್

ದೀಪಾವಳಿಗೆ ಸೂರಿನ ಅಂಚಿನಲ್ಲಿ ತೂಗುವ ಬಣ್ಣದ ದೀಪಗಳ ಸರವನ್ನು ನಾವು ಅಂಗಡಿಯಲ್ಲಿ ಕೇಳುವುದು 'ಸೀರಿಯಲ್ ಸೆಟ್' ಎಂದು. ದೀಪಗಳನ್ನು ಸರಣಿಯಲ್ಲಿ, ಅಂದರೆ 'ಸೀರೀಸ್'ನಲ್ಲಿ, ಜೋಡಿಸಿದ್ದರಿಂದ ಬಂದ ಹೆಸರಿದು. ಅಂಥ ಜೋಡಣೆ ಏಕೆ ಬೇಕಾಯಿತು?

ಕಥೆ ಆರಂಭವಾಗುವುದು ಅಮೆರಿಕದಲ್ಲಿ. 1882ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಎಡಿಸನ್ನನ ವಿದ್ಯುತ್ ಕೇಂದ್ರ ಕೆಲಸ ಆರಂಭಿಸಿತು. ಅದೇ ಡಿಸೆಂಬರಿನಲ್ಲಿ ಅವನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ತನ್ನ ಮನೆಯ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬುಗಳನ್ನು ಕಟ್ಟಿಸಿದ. ಒಂದೊಂದಕ್ಕೂ ಕೈಯಿಂದಲೇ ತಂತಿ ಬೆಸೆಯಬೇಕಿದ್ದುದರಿಂದ ಇದು ಸಿರಿವಂತರ ವಿಲಾಸವಾಗಿತ್ತು. ಸಿದ್ಧ ಸರಗಳು ಮಾರಾಟಕ್ಕೆ ಬಂದದ್ದು 1903ರ ಸುಮಾರಿಗೆ.

120 ವೋಲ್ಟಿಗೆ ಉರಿಯುವ ಪುಟ್ಟ ಬಲ್ಬಿಗೆ ಬಹಳ ಉದ್ದದ, ಬಹಳ ತೆಳುವಾದ ತಂತು ಬೇಕು. ಅದನ್ನು ತಯಾರಿಸುವುದು ಕಷ್ಟ, ಉಳಿಸಿಕೊಳ್ಳುವುದು ಇನ್ನೂ ಕಷ್ಟ. 15 ವೋಲ್ಟಿನ ಎಂಟು ಬಲ್ಬುಗಳನ್ನು ಸರಣಿಯಲ್ಲಿಟ್ಟರೆ 8 × 15 = 120. ಟ್ರಾನ್ಸ್‌ಫಾರ್ಮರಿನ ಖರ್ಚೂ ಇಲ್ಲ. ಆದರೆ ಒಂದು ತಂತು ತುಂಡಾದರೆ ಎಂಟೂ ಕತ್ತಲೆ! ಏಣಿ ಹತ್ತಿ ಒಂದೊಂದನ್ನೇ ಬದಲಿಸಿ ನೋಡುವುದು ಆಗ ಹಬ್ಬದ ಒಂದು ಅಂಗವೇ ಆಗಿದ್ದಿರಬೇಕು. ಮನೆಯ ಹೊರಗೆ ಕಟ್ಟಲು ಸಮಾಂತರ ಜೋಡಣೆಯ ದೊಡ್ಡ ಬಲ್ಬುಗಳೂ ಬಂದವು. ಆದರೆ 7 ವ್ಯಾಟಿನ 100 ಬಲ್ಬುಗಳೆಂದರೆ 700 ವ್ಯಾಟ್.

ಮುಂದೆ ಬಂದ 2.5 ವೋಲ್ಟಿನ ಪುಟಾಣಿ ಬಲ್ಬುಗಳಲ್ಲಿ, ಸರಕ್ಕೆ 50ರಂತೆ, ಒಂದು ಜಾಣ ಉಪಾಯವಿತ್ತು. ತಂತುವಿನ ಬುಡದಲ್ಲಿ ಆಕ್ಸೈಡ್ ಲೇಪನವುಳ್ಳ ಸಣ್ಣ ತಂತಿಯ ಸುತ್ತು. ತಂತು ತುಂಡಾದೊಡನೆ ಅಲ್ಲಿ ಪೂರ್ಣ 120 ವೋಲ್ಟ್ ಕಾಣಿಸಿಕೊಂಡು ಲೇಪನವನ್ನು ಭೇದಿಸುತ್ತದೆ. ವಿದ್ಯುತ್ತು ಆ ಸುತ್ತಿನ ಮೂಲಕ ಹರಿದು ಉಳಿದ 49 ಉರಿಯುತ್ತಲೇ ಇರುತ್ತವೆ.

ಪೂರ್ಣ ವಿಭವಾಂತರ ಕಾಣಿಸಿಕೊಳ್ಳುತ್ತದೆ ಎಂಬ ಮಾತಿನ ಬಳಿ ಅಧ್ಯಾಪಕರು ತುಸು ನಿಲ್ಲಬೇಕು. ನಮ್ಮ 230 ವೋಲ್ಟಿಗೆ 6 ವೋಲ್ಟಿನ ಸುಮಾರು 38 ಬಲ್ಬುಗಳ ಸರ ಬೇಕು. '6 ವೋಲ್ಟ್ ತಾನೇ, ಏನಾಗುತ್ತದೆ?' ಎಂದು ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಉರಿಯುವಾಗ ಒಂದು ಬಲ್ಬಿನ ತುದಿಗಳ ನಡುವೆ 6 ವೋಲ್ಟ್ ನಿಜ. ಭೂಮಿಯನ್ನು ಹೋಲಿಸಿದರೆ, ಫೇಸ್ ತಂತಿಯ ಕಡೆಯ ಬಲ್ಬು ಆಗಲೂ ಸುಮಾರು 230 ವೋಲ್ಟಿನಲ್ಲೇ ಇರುತ್ತದೆ. ಒಂದು ಬಲ್ಬನ್ನು ಕಳಚಿದರೆ ಪ್ರವಾಹ ಸೊನ್ನೆ; ಉಳಿದ 37ರಲ್ಲಿ ವಿಭವದ ಇಳಿತವೂ ಸೊನ್ನೆ. ಇಡೀ 230 ವೋಲ್ಟ್ ಆ ಖಾಲಿ ಹೋಲ್ಡರಿನಲ್ಲಿ ಕಾದು ಕುಳಿತಿರುತ್ತದೆ. ಬೆರಳಿಟ್ಟರೆ ಉಳಿದ ಬಲ್ಬುಗಳು ರಕ್ಷಣೆಗೆ ಬರುವುದಿಲ್ಲ. ತಣ್ಣಗಿನ ತಂತುಗಳ ಒಟ್ಟು ರೋಧ ಕೆಲವು ನೂರು ಓಮ್ ಮಾತ್ರ. ಮಳೆಗೆ ನೆನೆದ ಗೋಡೆಯ ಮೇಲೆ ನಿಂತವನಿಗೆ ಇದು ಮಾರಕ. ಸ್ವಿಚ್ಚು ತಪ್ಪಿ ನ್ಯೂಟ್ರಲ್ ತಂತಿಯಲ್ಲಿದ್ದರೆ ಅದನ್ನು ಆರಿಸಿಯೂ ಫಲವಿಲ್ಲ. ಪ್ಲಗ್ಗನ್ನೇ ಕೀಳಬೇಕು.

ಕೆಟ್ಟ ಬಲ್ಬನ್ನು ಕತ್ತರಿಸಿ ತಂತಿಗಳನ್ನು ಹೊಸೆದುಬಿಡುವ ನಮ್ಮ ರೂಢಿಯೂ ಲೆಕ್ಕಕ್ಕೆ ಒಳ್ಳೆಯ ವಸ್ತು. ಹಾಗೆ ಎಂಟು ಹೋದರೆ ಉಳಿದ 30ಕ್ಕೆ ತಲಾ 7.7 ವೋಲ್ಟ್. ತಂತುವಿನ ಆಯುಷ್ಯ ಸ್ಥೂಲವಾಗಿ ವಿಭವಾಂತರದ 13ನೇ ಘಾತಕ್ಕೆ ವಿಲೋಮ. ಆಯುಷ್ಯ ಎಷ್ಟು ಪಾಲಿಗೆ ಇಳಿಯಿತೆಂದು ವಿದ್ಯಾರ್ಥಿಗಳೇ ಕಂಡುಕೊಳ್ಳಲಿ.

ಈಗ ಸೂರಿನಲ್ಲಿರುವುದು ಹೆಚ್ಚಾಗಿ ಎಲ್‌ಇಡಿ. 1990ರ ದಶಕದಲ್ಲಿ ಸಾಧ್ಯವಾದ ಉಜ್ವಲ ನೀಲಿ ಎಲ್‌ಇಡಿಗಾಗಿ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರಲ್ಲಿ ನೊಬೆಲ್ ಬಂತು. ಕೆಂಪಿಗೆ ಸುಮಾರು 2, ನೀಲಿಗೆ 3 ವೋಲ್ಟ್ ಸಾಕು. ಆದರೆ ಟ್ರಾನ್ಸ್‌ಫಾರ್ಮರ್ ಇಲ್ಲದ ಅಗ್ಗದ ಸರಗಳಲ್ಲಿ ಅವನ್ನೂ ಸರಣಿಯಲ್ಲೇ ಪೋಣಿಸಿರುತ್ತಾರೆ.