ಒಂದು ಸಣ್ಣ ಬ್ರೇಕ್‌ನಲ್ಲಿ ಮಾರಾಟವಾಗೋದು

ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೈವೇಯಲ್ಲಿ ಹೊರಟರೆ ಐಮಂಗಲ ಸಿಗುತ್ತೆ. ಪೊಲೀಸ್ ತರಬೇತಿ ಶಾಲೆ ಇರೋ ಊರು ಅಂದರೆ ತುಂಬಾ ಜನಕ್ಕೆ ಗೊತ್ತಾಗುತ್ತೆ. ಕಳೆದ ಯುಗಾದಿಗೆ ಅಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಅಕ್ಕನ ಮಗ ನನ್ನ ತಲೆಯನ್ನೇ ನೋಡ್ತಾ ಕೇಳಿದ: "ಮಾವ, ಟಿವೀಲಿ ಅಷ್ಟೊಂದು ಕೂದ್ಲು ಕಾಣುತ್ತೆ, ಮನೇಲಿ ಯಾಕಿಲ್ಲ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಯಾಕಂದ್ರೆ ಹುಡುಗ ಹೇಳಿದ್ದು ನಿಜ. ಸ್ಟುಡಿಯೋದಲ್ಲಿ ಲೈಟು ತಲೆಯ ಮೇಲಿಂದ ಬೀಳುತ್ತೆ, ನೆತ್ತಿ ಮಿಂಚುತ್ತೆ. ಅದಕ್ಕೇ ಬುಲೆಟಿನ್‌ಗೆ ಮುಂಚೆ ಮೇಕಪ್‌ನವರು ನನ್ನ ನೆತ್ತಿಗೆ ಕಪ್ಪು ಪುಡಿ ಉದುರಿಸ್ತಾರೆ. ನೀವು ರಾತ್ರಿ ಒಂಬತ್ತಕ್ಕೆ ನೋಡೋ ಕೂದಲಲ್ಲಿ ಅರ್ಧ ಪುಡಿ.

ಆದರೆ ಅವತ್ತು ನನಗೆ ಚಿಂತೆ ಹಚ್ಚಿದ್ದು ನನ್ನ ತಲೆಯಲ್ಲ, ಅವನ ಮುಖ. ಹತ್ತೊಂಬತ್ತು ವರ್ಷದ ಹುಡುಗ, ಕಾನ್‌ಸ್ಟೇಬಲ್ ಪರೀಕ್ಷೆಗೆ ಓದ್ತಿದ್ದಾನೆ. ಕೆನ್ನೆ ಎರಡೂ ಕೆಂಪು, ಚರ್ಮ ತೆಳುವಾಗಿ ಒಳಗಿನ ಸಣ್ಣ ರಕ್ತನಾಳ ಕಾಣೋ ಹಾಗೆ. ಏನಪ್ಪ ಇದು ಅಂದೆ. "ಮೊಡವೆಗೆ ಅಂತ ಫ್ರೆಂಡ್ ಹೇಳಿದ ಕ್ರೀಮು ಮಾವ. ಮೊದ್ಲು ಬೆಳ್ಳಗಾಯ್ತು. ಈಗ ಬಿಟ್ರೆ ಉರಿಯುತ್ತೆ, ಹಚ್ಚಿದ್ರೆ ಸರಿಹೋಗುತ್ತೆ." ಟ್ಯೂಬ್ ತರಿಸಿ ನೋಡಿದೆ. ಒಳಗಿದ್ದದ್ದು ಸ್ಟಿರಾಯ್ಡ್.

ನೋಡಿ, ಗಂಡಸರ ಈ ಚಿಂತೆ ಇವತ್ತಿನದ್ದಲ್ಲ. ಸುಮಾರು 3500 ವರ್ಷ ಹಳೆಯ ಈಜಿಪ್ಟಿನ ವೈದ್ಯಗ್ರಂಥ ಎಬರ್ಸ್ ಪ್ಯಾಪಿರಸ್‌ನಲ್ಲಿ ಬೋಳು ತಲೆಗೆ ಸಿಂಹ, ನೀರಾನೆ, ಮೊಸಳೆ, ಹಾವಿನ ಕೊಬ್ಬು ಹಚ್ಚಿ ಅಂತ ಬರೆದಿದ್ದಾರೆ. ರೋಮಿನ ಜೂಲಿಯಸ್ ಸೀಸರ್ ತನಗೆ ಸಿಕ್ಕ ಗೌರವಗಳಲ್ಲಿ ಎಲೆಯ ಕಿರೀಟ ಧರಿಸೋ ಹಕ್ಕನ್ನೇ ಹೆಚ್ಚು ಇಷ್ಟಪಟ್ಟನಂತೆ, ಬೋಳು ಮುಚ್ಚುತ್ತಲ್ಲ ಅಂತ. ನಮ್ಮ ಆಯುರ್ವೇದದಲ್ಲೂ ಇದಕ್ಕೆ ಖಾಲಿತ್ಯ ಅಂತ ಹೆಸರಿದೆ. ಅಂದ್ರೆ ಜಗತ್ತು ಗೆದ್ದವನಿಗೂ ಕನ್ನಡಿ ಮುಂದೆ ಇದೇ ಪಾಡು.

ಕಾರಣ ಗೊತ್ತಾಗಿದ್ದು ಮಾತ್ರ ತೀರಾ ಈಚೆಗೆ. 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಅನ್ನೋ ಅಂಗರಚನಾ ತಜ್ಞ ಒಂದು ಅಧ್ಯಯನ ಪ್ರಕಟಿಸಿದರು. ಪ್ರಾಯಕ್ಕೆ ಬರೋ ಮುಂಚೆಯೇ ವೃಷಣ ಕಳೆದುಕೊಂಡ ಗಂಡಸರಿಗೆ ತಲೆ ಬೋಳಾಗೋದಿಲ್ಲ. ಅಂಥವರಿಗೆ ಗಂಡು ಹಾರ್ಮೋನ್ ಕೊಟ್ಟರೆ, ವಂಶದಲ್ಲಿ ಬೋಳು ಇದ್ದವರಿಗೆ ಕೂದಲು ಉದುರೋಕೆ ಶುರುವಾಗುತ್ತೆ. ಅಂದರೆ ಬೇಕಾದ್ದು ಎರಡು: ಗಂಡು ಹಾರ್ಮೋನ್, ಜೊತೆಗೆ ವಂಶದ ಗುಣ.

ನಾನು ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ನಾವೆಲ್ಲ ಬೋರ್‌ವೆಲ್ ನೀರನ್ನ ಬೈತಿದ್ವಿ. ಉಪ್ಪು ನೀರು, ಅದಕ್ಕೇ ಕೂದಲು ಹೋಗ್ತಿದೆ ಅಂತ. ಗಡಸು ನೀರಿಗೆ ಕೂದಲು ಒರಟಾಗುತ್ತೆ, ಸರಿ. ಆದರೆ ಅದೇ ನೀರು ತಲೆಯ ಹಿಂಭಾಗಕ್ಕೂ ಬೀಳುತ್ತಲ್ವಾ? ಅಲ್ಲಿ ಕೂದಲು ಗಟ್ಟಿಯಾಗೇ ಇರುತ್ತೆ, ನೆತ್ತಿಯಲ್ಲಿ ಮಾತ್ರ ಯಾಕೆ ಹೋಗುತ್ತೆ? ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ಒಬ್ಬನಿಗೂ ಈ ಪ್ರಶ್ನೆ ಹೊಳೀಲಿಲ್ಲ. ಹಣೆ, ನೆತ್ತಿಯ ಬೇರುಗಳು ಆ ಹಾರ್ಮೋನಿಗೆ ಸೋಲ್ತವೆ, ಹಿಂದಿನವು ಸೋಲಲ್ಲ. ಹಿಂದಿನ ಕೂದಲನ್ನ ಕಿತ್ತು ಮುಂದೆ ನೆಟ್ಟರೂ ಅದು ತನ್ನ ಗುಣ ಬಿಡೋದಿಲ್ಲ ಅಂತ ನ್ಯೂಯಾರ್ಕಿನ ವೈದ್ಯ ನಾರ್ಮನ್ ಓರೆಂಟ್ರೀಚ್ 1959ರಲ್ಲಿ ಬರೆದರು. ಇವತ್ತಿನ ಹೇರ್ ಟ್ರಾನ್ಸ್‌ಪ್ಲಾಂಟ್ ನಿಂತಿರೋದೇ ಈ ಮಾತಿನ ಮೇಲೆ.

ಇನ್ನು ಔಷಧಿ. ಇವತ್ತು ಹೆಚ್ಚು ಬಳಕೆಯಲ್ಲಿರೋ ಎರಡೂ ಬೋಳು ತಲೆಗೆ ಅಂತ ಹುಟ್ಟಿದವಲ್ಲ. ಮಿನಾಕ್ಸಿಡಿಲ್ ಬಿಪಿ ಮಾತ್ರೆ. ತಿಂದವರಿಗೆ ಮೈಮೇಲೆಲ್ಲ ಕೂದಲು ಬಂತು. ಕೊನೆಗೆ 1988ರಲ್ಲಿ ಅಮೆರಿಕದಲ್ಲಿ ತಲೆಗೆ ಹಚ್ಚೋ ದ್ರಾವಣವಾಗಿ ಒಪ್ಪಿಗೆ ಸಿಕ್ಕಿತು. ಇನ್ನೊಂದು ಫಿನಾಸ್ಟರೈಡ್. ಅದರ ಸುಳಿವು ಸಿಕ್ಕಿದ್ದು ಡೊಮಿನಿಕನ್ ರಿಪಬ್ಲಿಕ್‌ನ ಹಳ್ಳಿಗಳಲ್ಲಿ. ಒಂದು ಕಿಣ್ವದ ಕೊರತೆಯಿಂದ ಹುಟ್ಟಿದ ಅಲ್ಲಿನ ಕೆಲವು ಗಂಡಸರ ಬಗ್ಗೆ ವೈದ್ಯೆ ಜೂಲಿಯಾನ್ ಇಂಪೆರಾಟೊ ಮೆಕ್‌ಗಿನ್ಲಿ 1974ರಲ್ಲಿ ಬರೆದರು. ಅವರಿಗೆ ಪ್ರಾಸ್ಟೇಟ್ ಚಿಕ್ಕದು, ತಲೆ ಬೋಳಾಗೋದಿಲ್ಲ. ಅದೇ ಕಿಣ್ವವನ್ನ ತಡೆಯೋ ಮಾತ್ರೆ 1992ರಲ್ಲಿ ಪ್ರಾಸ್ಟೇಟ್‌ಗೆ, 1997ರಲ್ಲಿ ಕೂದಲಿಗೆ ಬಂತು. ಎರಡಕ್ಕೂ ಮಿತಿ ಇದೆ: ಬಿಟ್ಟರೆ ಬಂದ ಕೂದಲು ಹೋಗುತ್ತೆ, ಅಡ್ಡಪರಿಣಾಮಗಳೂ ಇವೆ. ವೈದ್ಯರನ್ನ ಕೇಳದೆ ಮುಟ್ಟಬಾರದು.

ಮುಖದ ಕಥೆಯೇ ಬೇರೆ. 1975ರಲ್ಲಿ ನಮ್ಮ ದೇಶದಲ್ಲಿ ಫೇರ್ ಅಂಡ್ ಲವ್ಲಿ ಬಂತು, ಹೆಣ್ಣುಮಕ್ಕಳಿಗೆ ಅಂತ. ಗಂಡುಮಕ್ಕಳೂ ಕದ್ದು ಹಚ್ಚಿಕೊಂಡರು ಅನ್ನಿ. 2005ರಲ್ಲಿ ಫೇರ್ ಅಂಡ್ ಹ್ಯಾಂಡ್‌ಸಮ್ ಬಂದ ಮೇಲೆ ಕದಿಯೋ ಅಗತ್ಯವೂ ಉಳೀಲಿಲ್ಲ. ಕಪ್ಪು ಮಣ್ಣಿನ ಬಯಲುಸೀಮೆಯಲ್ಲಿ, ಬಿಸಿಲಲ್ಲಿ ದುಡಿದು ಕಪ್ಪಗಾದವರ ಮಕ್ಕಳಿಗೆ, ನಿಮ್ಮ ಬಣ್ಣ ಸರಿಯಿಲ್ಲ ಅಂತ ಹೇಳೋ ವ್ಯಾಪಾರ ಹೀಗೆ ಬೆಳೆಯಿತು. ಅದರ ಬೆನ್ನಿಗೇ ಸ್ಟಿರಾಯ್ಡ್ ಕ್ರೀಮು. ಬೆಟಾಮೆಥಾಸೋನ್, ಕ್ಲೊಬೆಟಾಸೋಲ್ ಇವೆಲ್ಲ ವೈದ್ಯರ ಕೈಲಿದ್ದರೆ ಒಳ್ಳೆ ಔಷಧಿಗಳೇ. ಆದರೆ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದೇಶದ 12 ಕೇಂದ್ರಗಳಿಗೆ ಮುಖದ ಚರ್ಮದ ತೊಂದರೆ ಅಂತ ಬಂದ 2926 ಜನರಲ್ಲಿ 433 ಜನ ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಕ್ರೀಮುಗಳನ್ನ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಬಿಗಿ ಮಾಡಿತು. ನಮ್ಮ ಹುಡುಗನ ಹತ್ತಿರ ಯಾವ ಚೀಟಿಯೂ ಇರಲಿಲ್ಲ.

ಯಾಕೆ ಡಾಕ್ಟರ ಹತ್ತಿರ ಹೋಗಲಿಲ್ಲ ಅಂತ ಕೇಳಿದೆ. "ಮೊಡವೆಗೆಲ್ಲಾ ಡಾಕ್ಟ್ರಾ? ನಗ್ತಾರೆ ಮಾವ."

ಇದೇ ನೋಡಿ ವಿಷಯ. ಈ ವ್ಯಾಪಾರ ನಡೀತಿರೋದು ನಾಚಿಕೆಯ ಮೇಲೆ. ಇಪ್ಪತ್ತೇಳರಲ್ಲಿ ನಾನೂ ಬೆಂಗಳೂರಿನ ಒಂದು ಕ್ಲಿನಿಕ್‌ನ 'ಪ್ಯಾಕೇಜ್'ಗೆ ನಲವತ್ತು ಸಾವಿರ ಕಟ್ಟಿ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. 2017ರಲ್ಲಿ ರಾಜ್ ಬಿ. ಶೆಟ್ಟಿ 'ಒಂದು ಮೊಟ್ಟೆಯ ಕಥೆ' ಮಾಡಿ, ತಾವೇ ಬೊಕ್ಕತಲೆಯ ಕನ್ನಡ ಮೇಷ್ಟ್ರಾಗಿ ನಟಿಸಿದರು. ಥಿಯೇಟರ್‌ನಲ್ಲಿ ಜನ ನಗ್ತಿದ್ದರು. ನಾನು ಕ್ಯಾಪ್ ಹಾಕಿಕೊಂಡು ಕೂತಿದ್ದೆ.

ಇನ್ನೊಂದು ವಿಷಯ ಹೇಳಿಬಿಡ್ತೀನಿ. ನಮ್ಮ ದೇಶದ 1945ರ ಔಷಧ ನಿಯಮಗಳಲ್ಲಿ 'ಶೆಡ್ಯೂಲ್ ಜೆ' ಅಂತ ಒಂದು ಪಟ್ಟಿ ಇದೆ. ಅದರಲ್ಲಿರೋ ತೊಂದರೆಗಳನ್ನ ವಾಸಿಮಾಡ್ತೀವಿ ಅಂತ ಯಾವ ಔಷಧಿಯೂ ಹೇಳಿಕೊಳ್ಳುವಂತಿಲ್ಲ. ಕ್ಯಾನ್ಸರ್, ಏಡ್ಸ್ ಇರೋ ಆ ಪಟ್ಟಿಯಲ್ಲೇ ಬೋಳು ತಲೆ, ಹೊಸ ಕೂದಲು ಬರಿಸೋದು, ಚರ್ಮ ಬೆಳ್ಳಗೆ ಮಾಡೋದು ಎಲ್ಲ ಇವೆ. ಹೀಗಿದ್ದೂ ನಾನು "ಒಂದು ಸಣ್ಣ ಬ್ರೇಕ್, ಎಲ್ಲೂ ಹೋಗಬೇಡಿ" ಅಂದ ತಕ್ಷಣ ಪರದೆ ಮೇಲೆ ಬರೋದು ಏನು? ಕೂದಲು ಚಿಗುರಿಸೋ ಎಣ್ಣೆ, ಬೆಳ್ಳಗೆ ಮಾಡೋ ಕ್ರೀಮು. ಆ ಹುಡುಗ ನಮ್ಮ ಚಾನೆಲ್ಲನ್ನೇ ನೋಡಿ ಬೆಳೆದವನು. ಎಲ್ಲೂ ಹೋಗಬೇಡ ಅಂತ ಅವನನ್ನ ಕೂರಿಸಿದ್ದು ನಾನೇ.

ಹಬ್ಬ ಕಳೆದ ಮೇಲೆ ಅವನನ್ನ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದೆ. ಯಾರೂ ನಗಲಿಲ್ಲ. ಒಮ್ಮೆಗೇ ನಿಲ್ಲಿಸಿದರೆ ಉರಿ ಹೆಚ್ಚಾಗುತ್ತೆ, ಹೇಳಿದ ಹಾಗೆ ಬಿಡ್ತಾ ಬಾ, ತಿಂಗಳುಗಟ್ಟಲೆ ಬೇಕು ಅಂದರು ವೈದ್ಯರು. ನಿಮ್ಮ ಮನೆ ಹುಡುಗರ ಶೆಲ್ಫಿನಲ್ಲೂ ಅಂಥ ಟ್ಯೂಬ್ ಇರಬಹುದು. ಬೈಯಬೇಡಿ. ಜೊತೆಗೆ ಹೋಗಿ.

ವಾಪಸ್ ಬರುವಾಗ ಬಸ್ಸಲ್ಲಿ ಅವನು ಮೆಲ್ಲಗೆ ಕೇಳಿದ: "ಮಾವ, ಅಜ್ಜನಿಗೂ ಬೋಳು, ನಿಮ್ಗೂ ಬೋಳು. ನಂಗೂ ಆಗುತ್ತಾ?"

"ಆಗಬಹುದಪ್ಪ" ಅಂದೆ. "ಆದ್ರೆ ನನಗೆ ಹೇಳು, ಮುಚ್ಚಿಡಬೇಡ."