ಸ್ಯಾಸ್‌ನಲ್ಲಿ ಕಾಣೆಯಾಗುವ ವರದಿ: ದೋಷ ಹುಡುಕುವ ಕ್ರಮ ಬೆಳೆದು ಬಂದ ಬಗೆ

ಪ್ರೋಗ್ರಾಮ್ ಕೊನೆಯವರೆಗೂ ಓಡುತ್ತದೆ, ಲಾಗ್‌ನಲ್ಲಿ ಕೆಂಪು ಅಕ್ಷರ ಒಂದೂ ಇಲ್ಲ, ಆದರೂ ವರದಿ ಬಂದಿರುವುದಿಲ್ಲ. ಸಂಖ್ಯಾಶಾಸ್ತ್ರದ ತಂತ್ರಾಂಶಗಳಲ್ಲಿ ಇದು ಹಳೆಯ ತೊಂದರೆ. ಸ್ಯಾಸ್‌ನಲ್ಲಿ ಅದರ ಕಾರಣಗಳು ಕಾಲಕಾಲಕ್ಕೆ ಬದಲಾಗಿವೆ, ಏಕೆಂದರೆ ಫಲಿತಾಂಶವನ್ನು ಎಲ್ಲಿಗೆ ಕಳಿಸಬೇಕೆಂಬ ಏರ್ಪಾಡೇ ಬದಲಾಗುತ್ತ ಬಂದಿದೆ.

1960ರ ದಶಕದಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಕೃಷಿ ಪ್ರಯೋಗಗಳ ಅಂಕಿಅಂಶಗಳ ವಿಶ್ಲೇಷಣೆಗಾಗಿ ಸ್ಯಾಸ್ ಹುಟ್ಟಿತು. 1976ರಲ್ಲಿ ಅದಕ್ಕೆಂದೇ ಕಂಪನಿ ಸ್ಥಾಪನೆಯಾಯಿತು. ಮೇನ್‌ಫ್ರೇಮ್ ಕಾಲದಲ್ಲಿ ಹರಿವು ಎರಡೇ: ನಡೆದದ್ದನ್ನು ಹೇಳುವ ಲಾಗ್, ಫಲಿತಾಂಶ ತೋರುವ ಲಿಸ್ಟಿಂಗ್. ಪ್ರೊಕ್ ಪ್ರಿಂಟ್‌ಟು ಬಳಸಿ ಲಿಸ್ಟಿಂಗನ್ನು ಬೇರೆ ಫೈಲಿಗೆ ತಿರುಗಿಸಿದವರು ಅದನ್ನು ಮರಳಿ ತಿರುಗಿಸಲು ಮರೆತರೆ, ಮುಂದಿನ ವರದಿಗಳೆಲ್ಲ ಅಲ್ಲಿಗೇ ಹೋಗುತ್ತಿದ್ದವು. ಬ್ಯಾಚ್‌ನಲ್ಲಿ ಮೇಲೆಲ್ಲೋ ವ್ಯಾಕರಣ ದೋಷ ಸಿಕ್ಕರೆ ಸ್ಯಾಸ್ ತಾನಾಗಿ ಎಷ್ಟು ದಾಖಲೆ ಓದಬೇಕೆಂದು ಹೇಳುವ ಓಬ್ಸ್ ಮೌಲ್ಯವನ್ನು 0 ಮಾಡಿಕೊಂಡು, ಕೆಳಗಿನದನ್ನು ಬರಿದೇ ಪರೀಕ್ಷಿಸುತ್ತ ಸಾಗುತ್ತದೆ. ಒಂದು ಸೆಮಿಕೋಲನ್ ತಪ್ಪಿದ್ದಕ್ಕೆ ಹತ್ತು ಕೋಷ್ಟಕಗಳು ಹೋಗುವುದು ಹೀಗೆ.

ಇದಕ್ಕಿಂತ ಕಾಡುವುದು ಮುಚ್ಚದ ಉದ್ಧರಣ ಚಿಹ್ನೆ. ಅದರ ನಂತರ ಬರೆದದ್ದೆಲ್ಲ ಸ್ಯಾಸ್‌ಗೆ ಪಠ್ಯವಾಗಿ ಕಾಣುತ್ತದೆಯೇ ಹೊರತು ಆಜ್ಞೆಯಾಗಿ ಅಲ್ಲ. ಲಾಗ್‌ನಲ್ಲಿ ಪ್ರೋಗ್ರಾಮಿನ ಸಾಲುಗಳು ಮಾತ್ರ ಮೂಡಿ, ಅವುಗಳ ಕೆಳಗೆ ಒಂದೂ ‘ನೋಟ್’ ಇಲ್ಲದಿದ್ದರೆ ಸಂಶಯ ಇಲ್ಲಿಗೆ ಹೋಗಬೇಕು. ಒಂಟಿ ಚಿಹ್ನೆ, ಜೋಡಿ ಚಿಹ್ನೆ, ಕಾಮೆಂಟ್ ಮುಗಿಸುವ ಗುರುತು ಮೂರನ್ನೂ ಒಂದೇ ಸಾಲಿನಲ್ಲಿ ಪೋಣಿಸಿ, ಕೊನೆಗೆ ರನ್ ಸೇರಿಸಿ ಕಳಿಸುವುದು ಇದಕ್ಕೆ ರೂಢಿಯ ಮದ್ದು.

1990ರ ದಶಕದ ಕೊನೆಯಲ್ಲಿ, 7ನೇ ಆವೃತ್ತಿಯೊಡನೆ, ಒಡಿಎಸ್ (ಔಟ್‌ಪುಟ್ ಡೆಲಿವರಿ ಸಿಸ್ಟಮ್) ಬಂತು. ಕೋಷ್ಟಕಗಳು ಹೆಸರುಳ್ಳ ವಸ್ತುಗಳಾದವು. ಎಚ್‌ಟಿಎಂಎಲ್, ಪಿಡಿಎಫ್, ಆರ್‌ಟಿಎಫ್ ಎಂಬ ಗಮ್ಯಗಳು ಒಂದೊಂದಾಗಿ ಸೇರಿದವು. ಜೊತೆಗೇ ಹೊಸ ಕಾರಣಗಳೂ ಬಂದವು. ಪಿಡಿಎಫ್ ಗಮ್ಯವನ್ನು ಮುಚ್ಚುವವರೆಗೆ ಫೈಲ್ ಪೂರ್ಣವಾಗುವುದಿಲ್ಲ. ಎಲ್ಲ ಗಮ್ಯಗಳನ್ನೂ ಮುಚ್ಚಿದ್ದರೆ ತೆರೆದ ಗಮ್ಯವಿಲ್ಲವೆಂಬ ಎಚ್ಚರಿಕೆ ಲಾಗ್‌ನಲ್ಲಿ ಬರುತ್ತದೆ. ಇಲ್ಲಿ ಒಂದು ಭೇದ ಮುಖ್ಯ. ಒಡಿಎಸ್ ಎಕ್ಸ್‌ಕ್ಲೂಡ್ ಆಲ್ ಕೋಷ್ಟಕದ ಪ್ರದರ್ಶನವನ್ನಷ್ಟೇ ತಡೆಯುತ್ತದೆ, ಅದರಿಂದ ಒಡಿಎಸ್ ಔಟ್‌ಪುಟ್ ಮೂಲಕ ಡೇಟಾಸೆಟ್ ಮಾಡಿಕೊಳ್ಳಬಹುದು. ನೋಪ್ರಿಂಟ್ ಆಯ್ಕೆ ಹಾಕಿದರೆ ಕೋಷ್ಟಕ ತಯಾರಾಗುವುದೇ ಇಲ್ಲ, ಹಾಗಾಗಿ ಒಡಿಎಸ್ ಔಟ್‌ಪುಟ್‌ಗೂ ಏನೂ ಸಿಗದು. ಕೋಷ್ಟಕ ತಯಾರಾಯಿತೋ ಇಲ್ಲವೋ ಎಂದು ತಿಳಿಯಲು ಒಡಿಎಸ್ ಟ್ರೇಸ್ ಇದೆ. ಅದು ತಯಾರಾದ ಪ್ರತಿಯೊಂದರ ಹೆಸರನ್ನೂ ಲಾಗ್‌ನಲ್ಲಿ ಬರೆಯುತ್ತದೆ. ಇಷ್ಟು ಉಪಯುಕ್ತವಾದ ಸಾಧನವನ್ನು ಅನೇಕರು ಕೊನೆಗೆ ನೆನಪಿಸಿಕೊಳ್ಳುವುದು ವಿಚಿತ್ರ.

2011ರ 9.3ನೇ ಆವೃತ್ತಿ ವಿಂಡೋಸ್ ಮತ್ತು ಯುನಿಕ್ಸ್‌ನ ವಿಂಡೋ ಪರಿಸರದಲ್ಲಿ ಲಿಸ್ಟಿಂಗ್ ಬದಲು ಎಚ್‌ಟಿಎಂಎಲ್ ಅನ್ನು ಡೀಫಾಲ್ಟ್ ಮಾಡಿತು. ಬ್ಯಾಚ್‌ನಲ್ಲಿ ಲಿಸ್ಟಿಂಗೇ ಉಳಿಯಿತು. ಹಳೆಯ ಔಟ್‌ಪುಟ್ ಕಿಟಕಿ ನೋಡುತ್ತ ಕುಳಿತವರಿಗೆ ಅದು ಖಾಲಿ ಕಂಡಿತು. ಸ್ಯಾಸ್ ಪ್ರೋಗ್ರಾಮ್ ಬರೆದು ಓಡಿಸುವ ಎಂಟರ್‌ಪ್ರೈಸ್ ಗೈಡ್, ಸ್ಯಾಸ್ ಸ್ಟುಡಿಯೊ ಎಂಬ ಪರಿಸರಗಳಲ್ಲಿ ಪ್ರೋಗ್ರಾಮ್ ಸಾಮಾನ್ಯವಾಗಿ ಸರ್ವರ್‌ನಲ್ಲಿ ಓಡುವುದರಿಂದ ‘ಸಿ’ ಡ್ರೈವ್ ಎಂದು ಬರೆದರೆ ಅದು ಸರ್ವರ್‌ನದು. ಅಲ್ಲಿ ಅದೇ ಹೆಸರಿನ ಫೋಲ್ಡರ್ ಇದ್ದು ಬರೆಯುವ ಅನುಮತಿಯೂ ಇದ್ದರೆ, ವರದಿ ಸದ್ದಿಲ್ಲದೆ ಅಲ್ಲಿ ಕುಳಿತಿರುತ್ತದೆ.

ಬೆಂಗಳೂರಿನಲ್ಲಿ ಸ್ಯಾಸ್ ಬಲ್ಲ ಹಲವರ ಕೆಲಸ ಔಷಧ ಪ್ರಯೋಗಗಳ ವರದಿ. ಅಲ್ಲಿ ಕಾಣುವ ಕಾರಣ ಬೇರೆ: ಆಯ್ಕೆಯ ಷರತ್ತಿಗೆ ಒಂದು ದಾಖಲೆಯೂ ಹೊಂದದಿದ್ದರೆ ಪ್ರೊಕ್ ರಿಪೋರ್ಟ್ ಪುಟವನ್ನೇ ಕೊಡುವುದಿಲ್ಲ. ಗಂಭೀರ ಅಡ್ಡಪರಿಣಾಮಗಳೇ ಇರಲಿಲ್ಲವೋ, ಪ್ರೋಗ್ರಾಮ್ ಕೆಟ್ಟಿತೋ ಎಂಬುದು ಪರಿಶೀಲಕರಿಗೆ ತಿಳಿಯದು. ಆದ್ದರಿಂದ ದಾಖಲೆಗಳನ್ನು ಮೊದಲೇ ಎಣಿಸಿ, ಸೊನ್ನೆ ಬಂದರೆ ‘ಮಾಹಿತಿ ಇಲ್ಲ’ ಎಂಬ ಒಂದು ಸಾಲಿನ ಕೋಷ್ಟಕವನ್ನು ಶೀರ್ಷಿಕೆ ಸಮೇತ ಮುದ್ರಿಸುವ ಪದ್ಧತಿ ಬೆಳೆದಿದೆ. ಸೊನ್ನೆ ದಾಖಲೆಯನ್ನು ಸ್ಯಾಸ್ ‘ನೋಟ್’ ಆಗಿ ಬರೆಯುತ್ತದೆ, ‘ಎರರ್’ ಆಗಿ ಅಲ್ಲ. ಎರರ್, ವಾರ್ನಿಂಗ್ ಎಂಬ ಪದಗಳನ್ನಷ್ಟೇ ಹುಡುಕುವ ಲಾಗ್ ತಪಾಸಣೆಯ ಮ್ಯಾಕ್ರೊಗಳಿಗೆ ಅದು ಸಿಗುವುದಿಲ್ಲ. ಆ ನೋಟ್‌ನ ಪದಗಳನ್ನೂ ಹುಡುಕುವ ಪಟ್ಟಿಗೆ ಸೇರಿಸಬೇಕಾಗುತ್ತದೆ.